ಟವೆಲ್ ಹಾಕಿ ಹಿಡಿದ ಸೀಟು

ಪರೀಕ್ಷೆ ಕಟ್ಟಿದ ಹುಡುಗರಿಗೆ ನಾನು ತರ್ಕದ ಪಾಠ ಮಾಡುತ್ತೇನೆ. ಇಬ್ಬರ ಮಾತು ಕೊಟ್ಟು, ಇವರ ಭಿನ್ನಾಭಿಪ್ರಾಯ ಯಾವುದರ ಬಗ್ಗೆ ಅಂತ ಕೇಳುತ್ತಾರಲ್ಲ, ಆ ಪ್ರಶ್ನೆಗಳು. ಒಂದೇ ವಿಷಯಕ್ಕೆ ಒಬ್ಬರು ಹೌದು, ಇನ್ನೊಬ್ಬರು ಅಲ್ಲ ಅಂದಿರಬೇಕು. ಇಲ್ಲದಿದ್ದರೆ ಅದು ಭಿನ್ನಾಭಿಪ್ರಾಯವೇ ಅಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಮೊನ್ನೆ ತರೀಕೆರೆಯಲ್ಲಿ ಪಾಠ ಮುಗಿಸಿ ಕಡೂರಿನ ಬಸ್ಸು ಹತ್ತಿದೆ. ವಯಸ್ಸಾದ ಗಂಡ ಹೆಂಡತಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ನಿಲ್ಲುವ ಮೊದಲೇ ಯಜಮಾನರು ಕಿಟಕಿಯಿಂದ ಟವೆಲ್ ಎಸೆದು ಆ ಸೀಟು ಹಿಡಿದಿದ್ದರು.

“ಬಿಸಿಲು ಹೊಡೆಯೋ ಕಡೇನೇ ಹಿಡಿದಿದ್ದೀರಲ್ಲ,” ಅಂದರು ಆಕೆ.

“ಟವೆಲ್ ಹಾಕ್ದೇ ಇದ್ದಿದ್ರೆ ನಿಂತ್ಕಂಡೇ ಹೋಗ್ಬೇಕಿತ್ತು ಕಣೇ!”

“ಮುಖ ಸುಡ್ತೈತೆ.”

“ಎಷ್ಟ್ ಜನ ನಿಂತವ್ರೆ ನೋಡು!”

ಬೀರೂರು ಬಂದರೂ ಇದು ನಿಲ್ಲಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಯಜಮಾನ್ರೇ, ಬಿಸಿಲಿಲ್ಲ ಅಂತ ನೀವು ಅಂದಿಲ್ಲ. ಟವೆಲ್ ಹಾಕಿದ್ದು ತಪ್ಪು ಅಂತ ಅಮ್ಮ ಅಂದಿಲ್ಲ. ನಿಮ್ಮಿಬ್ಬರಿಗೂ ಭಿನ್ನಾಭಿಪ್ರಾಯವೇ ಇಲ್ಲ,” ಅಂದೆ.

ಇಬ್ಬರೂ ಒಟ್ಟಿಗೇ ತಿರುಗಿ ನನ್ನನ್ನು ನೋಡಿದರು.

“ಅದು ನಮಗೂ ಗೊತ್ತು ಕಣಪ್ಪಾ,” ಅಂದರು ಆಕೆ. “ಸುಮ್ನೆ ಕೂತ್ಕಂಡ್ರೆ ದಾರಿ ಸಾಗಲ್ವಲ್ಲ. ಯಾಕೆ, ನಿಮ್ಮನೇಲಿ ಯಾರೂ ಹಿಂಗೆ ಆಡಲ್ವಾ?”

ನಾನು ನಕ್ಕಂತೆ ಮಾಡಿದೆ. ಅವರು ಮತ್ತೆ ಬಿಸಿಲು, ಟವೆಲ್ಲು ಶುರು ಮಾಡಿದರು.

ಕಡೂರಿನಲ್ಲಿಳಿದು ನನ್ನ ರೂಮಿನ ಬೀಗ ತೆಗೆದೆ. “ಫ್ಯಾನ್ ಹಾಕ್ಲಾ?” ಅಂತ ಜೋರಾಗಿಯೇ ಕೇಳಿದೆ. ಬೇಡ ಅನ್ನುವವರು ಯಾರೂ ಇರಲಿಲ್ಲ. ಹಾಕಿದೆ.