ಮುರಿಗೆಪ್ಪನವರ ಹಡಗು ಪಾಠ

ಬಿಜಾಪುರದ ಮುರಿಗೆಪ್ಪನವರು ಲಂಡನ್ನಿನಲ್ಲಿ ಬಹುಕಾಲ ಬಸ್ಸು ಓಡಿಸಿ ನಿವೃತ್ತರಾದದ್ದು ೨೦೦೩ರಲ್ಲಿ. ಕ್ವೀನ್ಸ್‌ಬರಿಯ ಮನೆಯಲ್ಲಿ ಕೂತದ್ದೇ ತಡ, ಹೆಂಡತಿಗೆ ಅಡುಗೆ ಕಲಿಸತೊಡಗಿದರು. ಸುಶೀಲಾಬಾಯಿ ಕೆಲವು ದಿನ ತಡೆದುಕೊಂಡರು. ಆಮೇಲೆ ಒಂದು ಮುಂಜಾನೆ, "ನನಗ ರೊಟ್ಟಿ ಬಡಿಯೋದು ಕಲಸಬ್ಯಾಡ್ರಿ. ಕಲಿಯೋ ಮಂದಿ ಎಲ್ಲೆರ ಇದ್ರ, ಅಲ್ಲಿ ಹೋಗಿ ಕಲಸ್ರಿ," ಎಂದರು.

ಹಾಗೆ ಮುರಿಗೆಪ್ಪನವರು ಗ್ರೀನಿಚ್ ಕಡೆಯ ಒಂದು ಪುಟ್ಟ ಮ್ಯೂಸಿಯಮ್ಮಿಗೆ ಸ್ವಯಂಸೇವಕರಾಗಿ ಸೇರಿದರು. ಮಾದರಿ ಹಡಗುಗಳನ್ನು ಮೇಜಿನ ಮೇಲೆ ಕಾಲಕ್ರಮದಲ್ಲಿ ಇಟ್ಟು ಶಾಲೆಯ ಮಕ್ಕಳಿಗೆ ಅವುಗಳ ಕಥೆ ಹೇಳುವುದು ಕೆಲಸ. ಸಮುದ್ರವನ್ನು ಅವರು ಕಂಡದ್ದು ವಿಮಾನದ ಕಿಟಕಿಯಿಂದ ಮಾತ್ರ, ಆದರೂ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ರೋಮನ್ನರು ಹುಟ್ಟು ಹಾಕಿ ನಡೆಸಿದ ಹಡಗಾಗಲಿ, ಹಾಯಿಹಡಗಾಗಲಿ, ಉಗಿಹಡಗಾಗಲಿ, ಎಲ್ಲವೂ ಅವರ ಬಾಯಲ್ಲಿ ಬಸ್ಸೇ: ಡ್ರೈವರ್ ಎಲ್ಲಿ ನಿಲ್ಲುತ್ತಾನೆ, ಜನ ಎಲ್ಲಿ ಹತ್ತುತ್ತಾರೆ, ಸಾಮಾನು ಎಲ್ಲಿ ತುರುಕುತ್ತಾರೆ. ಬಿರುಗಾಳಿ ಬಂದರೇನು ಗತಿ ಎಂದು ಮಕ್ಕಳು ಕೇಳಿದರೆ, ಗಟ್ಟಿಗನಿಗೆ ಅಲೆಯೆಂದರೆ ರಸ್ತೆಯ ಉಬ್ಬು ಇದ್ದ ಹಾಗೆ ಎನ್ನುತ್ತಿದ್ದರು.

ಒಂದು ಸಲ ಕ್ವೀನ್ಸ್‌ಬರಿಯದೇ ಶಾಲೆಯ ಮಕ್ಕಳು ಬಂದರು. ಪಾಠ ಮುಗಿದ ಮೇಲೆ ಟೀಚರು, ನಾವು ನದಿಯ ದೋಣಿಯಲ್ಲಿ ವೆಸ್ಟ್‌ಮಿನ್‌ಸ್ಟರಿಗೆ ಹೊರಟಿದ್ದೇವೆ, ನೀವೂ ಬನ್ನಿ ಎಂದು ಕರೆದರು. ಅಷ್ಟೆಲ್ಲ ಹೇಳಿದ ಬಾಯಿಯಿಂದ ಬೇಡವೆನ್ನುವುದು ಹೇಗೆ? ಹತ್ತಿದರು.

ಕ್ಯಾನರಿ ವಾರ್ಫಿನ ಗಾಜಿನ ಕಟ್ಟಡಗಳ ಹತ್ತಿರ ದೊಡ್ಡ ದೋಣಿಯೊಂದು ಪಕ್ಕದಲ್ಲೇ ಭರ್ರೆಂದು ಹಾದುಹೋಯಿತು. ನೀರು ಉಬ್ಬಿತು, ಇವರ ದೋಣಿ ಎದ್ದು ಕುಸಿಯಿತು. ಮುರಿಗೆಪ್ಪನವರು ಕಂಬಿ ಹಿಡಿದು, ಗಾಳಿಗೆ ಎದುರಾಗಿ ಬಗ್ಗಿದರು. ಬೆಳಗಿನ ಉಪ್ಪಿಟ್ಟು ಟೈಗೆ ವಾಪಸ್ಸು ಬಂತು. ಕನ್ನಡ ಮನೆಯ ಹುಡುಗಿ ಸಾನ್ವಿ ಟಿಶ್ಯೂ ನೀಡುತ್ತಾ, "ಅಂಕಲ್, ಇಟ್ಸ್ ಓನ್ಲಿ ಎ ಸ್ಪೀಡ್ ಬಂಪ್," ಎಂದಳು.

"ಸುಮ್ನಿರವ್ವಾ, ನಿನಗ ಕೈ ಮುಗಿತೀನಿ," ಎಂದರು ಮುರಿಗೆಪ್ಪ.

ಸಂಜೆ ಮನೆಯಲ್ಲಿ ಸುಶೀಲಾಬಾಯಿ ಟೈ ನೋಡಿದರು. ನಿಂಬೆ ಶರಬತ್ತು ಕೈಗಿಟ್ಟು, ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿ ನಕ್ಕರು.

ಮುಂದಿನ ವಾರ ಮ್ಯೂಸಿಯಮ್ಮಿಗೆ ಹೋಗಲು ಮುರಿಗೆಪ್ಪನವರಿಗೆ ಕಾಲು ಬರಲಿಲ್ಲ, ಆದರೂ ಹೋದರು. ಬೇರೆ ಶಾಲೆಯ ಹುಡುಗನೊಬ್ಬ, ನಾವಿಕರಿಗೆ ವಾಂತಿ ಬಂದರೆ ಏನು ಮಾಡುತ್ತಿದ್ದರು ಎಂದು ಕೇಳಿದ. ಮುರಿಗೆಪ್ಪನವರು ಹಾಯಿಹಡಗನ್ನು ತಮ್ಮತ್ತ ಎಳೆದುಕೊಂಡು, ಒಂದು ಮಗ್ಗುಲಿಂದ ಉಫ್ ಎಂದು ಊದಿ, ಯಾವ ಕಡೆ ಬಗ್ಗಬೇಕು, ಯಾವ ಕಡೆ ಬಗ್ಗಲೇಬಾರದು ಎಂದು ತೋರಿಸಿದರು. ಹಾಗೇ ಹಾಯಿ ಯಾಕೆ ತಿರುಗುತ್ತದೆ, ಉಗಿ ಬಂದ ಮೇಲೆ ಗಾಳಿಯ ಹಂಗು ಹೇಗೆ ತಪ್ಪಿತು ಎಂಬುದಕ್ಕೂ ಬಂದರು. ಮಕ್ಕಳು ಮೇಜು ಬಿಟ್ಟು ಏಳಲಿಲ್ಲ.

ಆಮೇಲೆ ಶಾಲೆಗಳವರು ಹೆಸರು ಹಿಡಿದು ಅವರನ್ನೇ ಕೇಳತೊಡಗಿದರು. ದೋಣಿಗೆ ಕರೆದರೆ ಮಾತ್ರ, ನೀವು ಮುಂದೆ ನಡೀರಿ, ನಾನು ಟ್ಯೂಬ್ ರೈಲಿನಲ್ಲಿ ಬರುತ್ತೇನೆ ಎನ್ನುತ್ತಿದ್ದರು.