ಹಾಕಿ ಪಂದ್ಯದಲ್ಲಿ ನಮ್ಮ ಕೋಲಾಟ

ಐಸ್ ಹಾಕಿಯ ಹುಚ್ಚು ನನಗೆ ಹಿಡಿದದ್ದು ಷಿಕಾಗೊ ಪಕ್ಕದ ಲೊಂಬಾರ್ಡ್‌ನಲ್ಲಿ, ಮದುವೆಗೆ ಮುಂಚೆ. ಚಳಿಗೆ ಹೊರಗೆ ಕಾಲಿಡಲಾಗದೆ ಟಿ.ವಿ. ಹಾಕಿ ಕೂತರೆ, ಪಕ್ ಎನ್ನುವ ಅಂಗೈಯಗಲದ ಕಪ್ಪು ರಬ್ಬರ್ ಬಿಲ್ಲೆಗಾಗಿ ಹನ್ನೆರಡು ಜನ ಮಂಜುಗಡ್ಡೆಯ ಮೇಲೆ ಜೀವ ಬಿಟ್ಟು ಆಡುತ್ತಿದ್ದರು. ಎರಡನೇ ಚಳಿಗಾಲದ ಹೊತ್ತಿಗೆ ರೆಫರಿಯನ್ನು ಅಚ್ಚ ಮೈಸೂರು ಕನ್ನಡದಲ್ಲಿ ಬೈಯುವಷ್ಟು ಪಳಗಿದ್ದೆ. ಆಮೇಲೆ ಆಬರ್ನ್ ಹಿಲ್ಸ್‌ನಲ್ಲಿ ಕೆಲಸ ಸಿಕ್ಕಿ, ಪ್ಲಿಮತ್‌ನಲ್ಲಿ ಮನೆ ಮಾಡಿದರೂ ಹುಚ್ಚು ಬಿಡಲಿಲ್ಲ.

ಕೆಟ್ಟದ್ದು ಆಟ. ಈಗ ಒಂದು ಪಂದ್ಯ ನೋಡಲು ಒಂದು ಆ್ಯಪ್, ಮರುದಿನದ್ದಕ್ಕೆ ಇನ್ನೊಂದು. ಅಂಗಳದ ಸುತ್ತಲಿನ ಗೋಡೆಯ ಮೇಲೆ ಜಾಹೀರಾತುಗಳು ಓಡುತ್ತಿರುತ್ತವೆ. ಪಕ್ ಎಲ್ಲಿ ಹೋಯಿತು ಎಂದು ಕಣ್ಣು ಕಿರಿದು ಮಾಡಿದರೆ ಪಿಕಪ್ ಟ್ರಕ್ಕೊಂದು ಅಡ್ಡ ಬರುತ್ತದೆ. ಆಟಗಾರನ ಹೆಲ್ಮೆಟ್ ಒಂದು ಕಂಪನಿಯದು, ಎದೆ ಇನ್ನೊಂದರದು. ಮೂಗಿಗಿಂತ ಮೂಗುತಿ ಭಾರ. ಇದನ್ನೆಲ್ಲ ಗೊಣಗಲೂ ಮನೆಯಲ್ಲಿ ಜೊತೆಯಿಲ್ಲ. ಹೆಂಡತಿಗೆ ಆಟವೇ ಬೇಡ. ಹನ್ನೊಂದು ವರ್ಷದ ಮಗಳು ಐದು ನಿಮಿಷ ಕೂತು, "ಇಟ್ಸ್ ಬೋರಿಂಗ್, ಅಪ್ಪಾ" ಎಂದು ಎದ್ದು ಹೋಗುತ್ತಿದ್ದಳು. ಅವಳು ಒಂದೇ ಒಂದು ಸಲ ನನ್ನ ಪಕ್ಕ ಕೂತು ಪೂರ್ತಿ ಆಟ ನೋಡಬೇಕು ಎಂಬ ಆಸೆ ಮಾತ್ರ ನನಗೆ ಬಹಳ ಇತ್ತು.

ಆ ಆಸೆಗೇ ಹಳ್ಳಕ್ಕೆ ಬಿದ್ದೆ. ಕಳೆದ ಚಳಿಗಾಲ ಒಂದು ವೃತ್ತಿಪರ ತಂಡದ ಟಿಕೆಟ್ ಮಾರುವವನು ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿದ. ತಂಡದ ಹೆಸರು ಬೇಡ, ಎಲ್ಲವೂ ಒಂದೇ ಸಂತೆಯ ಅಂಗಡಿಗಳು. 'ಇಂಡಿಯನ್ ನೈಟ್' ಮಾಡುತ್ತಾರಂತೆ, ನಾವು ನೂರು ಟಿಕೆಟ್ ಕೊಂಡರೆ ನಮ್ಮ ಮಕ್ಕಳು ಅಲ್ಲಿ ಕುಣಿಯಬಹುದಂತೆ. ಸಂಘದಲ್ಲಿ ಹಾಕಿ ಗೊತ್ತಿದ್ದವನು ನಾನೊಬ್ಬನೇ, ಕೆಲಸ ನನ್ನ ತಲೆಗೆ ಬಂತು. ಮಗಳು ಕೋಲಾಟದ ಗುಂಪಿನಲ್ಲಿದ್ದಳು. ಕುಣಿಯಲು ಬಂದವಳು ಆಟವನ್ನೂ ನೋಡಿಯಾಳು ಎಂದುಕೊಂಡು ಕಂಡಕಂಡವರಿಗೆ ಫೋನ್ ಮಾಡಿದೆ. ಧಾರವಾಡದ ಗೆಳೆಯ, "ನೀ ಹೇಳಿದ ಮ್ಯಾಲ ಬರ್ತೀವಿ ಬಿಡೋ. ಆದ್ರ ಆ ಆಟ ನಮಗೇನೂ ತಿಳ್ಯಾಂಗಿಲ್ಲ" ಎಂದು ಐದು ಟಿಕೆಟ್ ತೆಗೆದುಕೊಂಡ. ಎರಡು ವಾರದಲ್ಲಿ ನೂರೂ ಹೋದವು.

ಕುಣಿತ ಮಂಜುಗಡ್ಡೆಯ ಮೇಲೆಯೇ ಎಂದು ನಾವೆಲ್ಲ ನಂಬಿದ್ದೆವು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬರಿಗಾಲಲ್ಲೇ ಕುಣಿಯಬೇಕು, ಆದರೆ ಮಕ್ಕಳ ಕಾಲು ಮರಗಟ್ಟಬಾರದು ಎಂದು ಕೋಲಾಟ ಕಲಿಸುವ ಆಂಟಿ ಮೈಬಣ್ಣದ ಉಣ್ಣೆಯ ಸಾಕ್ಸ್ ತರಿಸಿದ್ದರು.

ಪಂದ್ಯದ ದಿನ ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಹದಿನಾರು ಮಕ್ಕಳು ರೇಷ್ಮೆ ಲಂಗ, ಪಂಚೆಯ ಮೇಲೆ ದಪ್ಪ ಜಾಕೆಟ್ ಹಾಕಿ ನಿಂತಿದ್ದರು. ಬಾಗಿಲಲ್ಲಿ ಸೆಕ್ಯುರಿಟಿಯವನು ಕೋಲುಗಳ ಚೀಲವನ್ನು ಪಕ್ಕಕ್ಕಿಟ್ಟ. ಕೋಲು ಒಳಗೆ ಬಿಡುವುದಿಲ್ಲವಂತೆ.

"ಅಲ್ಲಪ್ಪಾ, ಇವರ ಆಟಾನೇ ಕೋಲಲ್ಲಿ ಅಲ್ವಾ? ನಮ್ಮ ಕೋಲು ಏನ್ ಮಾಡ್ತು?" ಎಂದರು ಆಂಟಿ. ಅದನ್ನೇ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಕ್ಕು, ಒಳಗಿನ ಅಂಗಡಿಯಲ್ಲಿ ಸಿಗುತ್ತದೆ ನೋಡಿ ಎಂದ. ಸಿಕ್ಕಿತು. ಮೊಳದುದ್ದದ ಪ್ಲಾಸ್ಟಿಕ್ ಹಾಕಿ ಕೋಲು, ಅದರ ಮೇಲೆ ಕಾರು ಸಾಲ ಕೊಡುವವರ ಹೆಸರು. ಒಂದು ಮಗುವಿಗೆ ಎರಡರಂತೆ ಅಪ್ಪಂದಿರು ಕಾರ್ಡ್ ಉಜ್ಜಿದರು. ಧಾರವಾಡದ ಗೆಳೆಯ ನನ್ನ ಮುಖ ನೋಡಿ, ತಾನೂ ಕಾರ್ಡ್ ತೆಗೆದ. ಬೈದಿದ್ದರೆ ಚೆನ್ನಾಗಿತ್ತು.

ಕುಣಿತ ಮಂಜುಗಡ್ಡೆಯ ಮೇಲಲ್ಲ ಎಂದು ಆಗ ತಿಳಿಯಿತು. ಮೇಲಿನ ಅಂತಸ್ತಿನ ಓಡಾಡುವ ದಾರಿಯಲ್ಲಿ, ಬಿಯರ್ ಕೌಂಟರ್ ಪಕ್ಕ. ಅದೂ ಪಂದ್ಯಕ್ಕೆ ಮುಂಚೆಯಲ್ಲ, ಆಟದ ಮೂರು ಅವಧಿಗಳಲ್ಲಿ ಎರಡನೆಯದರ ಮಧ್ಯೆ, ಎಲ್ಲರೂ ಒಳಗೆ ಆಟ ನೋಡುತ್ತಿರುವಾಗ. ನನಗೆ ಮೈಯೆಲ್ಲ ಉರಿಯಿತು. ಆದರೆ ಮಕ್ಕಳು ಆಗಲೇ ಸಾಲಾಗಿ ನಿಂತಿದ್ದರು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿದರೆ ಸದ್ದೇ ಇಲ್ಲ. ಬಿಯರ್ ಹಿಡಿದವರು ಮಕ್ಕಳ ಸಾಲಿನ ನಡುವೆಯೇ "ಸಾರಿ, ಸಾರಿ" ಎನ್ನುತ್ತ ದಾಟಿ ಹೋದರು.

ಅಷ್ಟರಲ್ಲಿ ಒಳಗಿನಿಂದ ದೊಡ್ಡ ಗದ್ದಲ. ಗೋಲು. ನನ್ನ ಕತ್ತು ತಾನಾಗಿ ಕೌಂಟರಿನ ಮೇಲಿದ್ದ ಟಿ.ವಿ.ಯ ಕಡೆ ಹೊರಳಿತು. ರೀಪ್ಲೇ ಮೂರು ಸಲ ತೋರಿಸಿದರು, ಮೂರನ್ನೂ ನೋಡಿದೆ. ಈ ಕಡೆ ತಿರುಗುವಷ್ಟರಲ್ಲಿ ಕೋಲಾಟ ಮುಗಿದಿತ್ತು, ಮಗಳು ಸಾಕ್ಸ್ ಬಿಚ್ಚುತ್ತಿದ್ದಳು. ಮೂರನೇ ಅವಧಿಗೆ ನಮ್ಮವರು ಯಾರೂ ಉಳಿಯಲಿಲ್ಲ. ಮಗಳೂ ಮನೆಗೆ ಹೋಗೋಣ ಎಂದಳು, ಹೊರಟೆವು.

ಮುಂದಿನ ವಾರ ಟಿಕೆಟ್ ಮಾರುವವನಿಂದ ಮೇಲ್ ಬಂತು. ನೂರು ಜನರನ್ನು ಕರೆತಂದ ನನಗೆ ಕೃತಜ್ಞತೆಯಾಗಿ, ಗಾಜಿನ ತಡೆಗೋಡೆಗೆ ಅಂಟಿದಂತಿರುವ ಎರಡು ಸೀಟು ಉಚಿತ. ಇಷ್ಟು ವರ್ಷದಲ್ಲಿ ನಾನು ಅಷ್ಟು ಮುಂದೆ ಕೂತದ್ದಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಓಡಿ ಮಗಳ ಕೋಣೆಗೆ ಹೋದೆ.

"ಪುಟ್ಟೀ, ಫ್ರಂಟ್ ರೋ ಸೀಟು, ಫ್ರೀ! ನಾವಿಬ್ರೇ ಹೋಗೋಣ. ಬರ್ತೀಯಾ?"

ಹೋಮ್‌ವರ್ಕ್‌ನಿಂದ ತಲೆ ಎತ್ತಿದಳು. "ಡು ಐ ಹ್ಯಾವ್ ಟು ಡ್ಯಾನ್ಸ್?"

"ಇಲ್ಲಮ್ಮ, ಸುಮ್ನೆ ಕೂತ್ಕೊಂಡು ನೋಡೋದು."

"ದೆನ್ ವೈ ಈಸ್ ಇಟ್ ಫ್ರೀ?"

ಸುಳ್ಳು ಹೇಳಲಾಗಲಿಲ್ಲ. "ಅವತ್ತು ನೀವೆಲ್ಲ ಕುಣಿದ್ರಲ್ಲ, ಅದನ್ನ ನೋಡೋಕೆ ಅಂತ ನೂರು ಜನ ಬಂದ್ರಲ್ಲ, ಅದಕ್ಕೆ ಕೊಟ್ಟಿದಾರೆ" ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟಳು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು.

"ಬಟ್ ನೋಬಡಿ ವಾಚ್ಡ್, ಅಪ್ಪಾ. ನೀನೂ ನೋಡ್ಲಿಲ್ಲ."