ಪಾಚಿ ಕೆರೆಯುವ ಎಲ್ವಿಯೊ ಸುಮ್ಮನಿದ್ದ ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೆನಿಸ್‌ನ ಕನ್ನರೇಜೊ ಕಡೆಯ ಕಾಲುವೆಯಲ್ಲಿ ನೀರು ಇಳಿದಿದೆ. ನಿನ್ನೆ ಸಂಜೆ ಮುಳುಗಿದ್ದ ಕೆಳಗಿನ ಮೆಟ್ಟಿಲುಗಳು ಈಗ ಹಸಿರು ಮೈ ತೋರಿಸಿಕೊಂಡು ಕೂತಿವೆ. ಅವುಗಳ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲನ್ನು ಮೇಲಿನ ಕಲ್ಲಿಗೆ ಒತ್ತಿಕೊಟ್ಟು, ಎಲ್ವಿಯೊ ಬಾಲಾರಿನ್ ಪಾಚಿ ಕೆರೆಯುತ್ತಿದ್ದಾರೆ. ಚಪ್ಪಟೆ ಕಬ್ಬಿಣದ ಸಲಿಕೆ ಕಲ್ಲಿನ ಮೇಲೆ ಕರಕರ ಎನ್ನುತ್ತದೆ. ಪಾಚಿ ಒದ್ದೆ ಕಂಬಳಿಯ ಹಾಗೆ ಸುರುಳಿ ಸುತ್ತಿಕೊಂಡು ಎದ್ದು ಬರುತ್ತದೆ. ಆಮೇಲೆ ಗಡುಸು ಬ್ರಷ್ಷು, ಆಮೇಲೆ ಒಂದು ಬಕೆಟ್ ನೀರು. ಅಡಿಯಿಂದ ಬಿಳಿ ಕಲ್ಲು ಕಾಣಿಸಿಕೊಳ್ಳುತ್ತದೆ.

"ಇವತ್ತು ಕೆರೆದ್ರೆ ಹದಿನೈದು ದಿನಕ್ಕೆ ಮತ್ತೆ ಬಂದಿರುತ್ತೆ," ಎನ್ನುತ್ತಾರೆ ತಲೆ ಎತ್ತದೆ. "ಬೇಸಿಗೆಯಲ್ಲಿ ಅಷ್ಟು ದಿನಾನೂ ತಡೆಯಲ್ಲ. ಗಡ್ಡ ಇದ್ದ ಹಾಗೆ. ಗಡ್ಡ ಬಂತು ಅಂತ ಯಾರಾದ್ರೂ ಅಳ್ತಾರಾ? ಕೆರೀತಾ ಇರೋದು, ಅಷ್ಟೆ."

ಪಕ್ಕದಲ್ಲೇ ದೋಣಿ ಕಟ್ಟಿಕೊಂಡು ಕೂತಿರುವ ತೂಲ್ಲಿಯೊ ಇವರ ಜೊತೆಗಾರ. ಕೆರೆದ ಪಾಚಿ ತುಂಬಿಕೊಂಡು ಹೋಗುವುದು ಅವನ ಕೆಲಸ. ಹೆಚ್ಚಿನ ಹೊತ್ತು ಅವನು ಮಾಡುವುದು ಕೀಟಲೆ.

"ಬೇಗ ಮುಗಿಸು, ಮುದುಕ. ನೀರು ವಾಪಸ್ ಬರ್ತಾ ಇದೆ. ನಿನ್ನ ಹೆಂಡತಿ ಕಾದ ಹಾಗೆ ಅದು ನಿನಗೋಸ್ಕರ ಕಾಯಲ್ಲ."

"ಕಾದಿದ್ದಕ್ಕೆ ಅವಳು ಇವತ್ತಿಗೂ ಬಯ್ತಾ ಇದ್ದಾಳೆ ಬಿಡು."

ವೆನಿಸ್‌ನಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ಈ ಮೆಟ್ಟಿಲುಗಳು ಕಂಡೂ ಕಾಣದಂತಿವೆ. ದೋಣಿ ಹತ್ತುವಾಗ ಕಾಲಿಡುತ್ತೇವೆ, ಇಳಿಯುವಾಗ ಕಾಲಿಡುತ್ತೇವೆ. ಜಾರಲಿಲ್ಲ ಎಂದರೆ ಬೆಳಗ್ಗೆ ಯಾರೋ ಕೆರೆದು ಹೋಗಿದ್ದಾರೆ ಎಂದು ಹೊಳೆಯುವುದೇ ಇಲ್ಲ. ಎಲ್ವಿಯೊ ಅವರಿಗೆ ಈಗ ಅರವತ್ತೆರಡು. ಹುಟ್ಟಿದ್ದು ಇದೇ ಕಾಲುವೆಯ ಮೇಲಿನ ಮನೆಯಲ್ಲಿ. ಅಪ್ಪ ದೋಣಿ ಕಟ್ಟುವ ಬಡಗಿ. ಇವರೂ ಅದನ್ನೇ ಕಲಿತರು. ದೋಣಿ ಕಟ್ಟುವ ಅಂಗಳ ಮುಚ್ಚಿತು. ಮರದ ಕೆಲಸ ಬಿಟ್ಟವರು ಕಲ್ಲಿನ ಕೆಲಸಕ್ಕೆ ಬಂದರು. ಆಮೇಲೆ ಮನೆಯ ಒಡೆಯರು ಮನೆಯನ್ನೂ ಮಾರಿದರು. ಈಗ ಗಂಡ ಹೆಂಡತಿ ಸೇತುವೆಯಾಚೆ ಮೆಸ್ತ್ರೆಯಲ್ಲಿದ್ದಾರೆ, ಎಲ್ವಿಯೊ ದಿನದ ಮೊದಲ ಬಸ್ಸಿಗೆ ತಮ್ಮ ಊರಿಗೆ ಕೆಲಸಕ್ಕೆ ಬರುತ್ತಾರೆ.

"ನಾನು ಹುಟ್ಟಿದ ಕೋಣೇಲಿ ಈಗ ವಾರಕ್ಕೊಬ್ಬರು ಬಂದು ಮಲಗ್ತಾರೆ," ಎಂದು ಮೇಲಿನ ಕಿಟಕಿ ತೋರಿಸುತ್ತಾರೆ. "ಒಂದು ಸಲ ಆ ಕಿಟಕಿಯಿಂದ ಒಬ್ಬಾತ ನನಗೆ ಕೈ ಬೀಸಿದ. ನಾನೂ ಬೀಸಿದೆ. ಅವನ ಮೇಲೆ ಯಾಕೆ ಸಿಟ್ಟು ಮಾಡ್ಕೊಳ್ಳಲಿ? ಅವನು ದುಡ್ಡು ಕೊಟ್ಟು ಬಂದಿದ್ದಾನೆ."

ಉಪ್ಪು ನೀರಿಗೆ ಅವರ ಬೆರಳುಗಳ ಸಂದಿ ಒಡೆದಿದೆ. ಮಂಡಿಗಳು ಚಳಿಗಾಲದಲ್ಲಿ ಮಡಚಲು ಒಪ್ಪುವುದಿಲ್ಲ. ಕೆಲಸ ಸಾಗುವುದು ಗಡಿಯಾರದ ಮೇಲಲ್ಲ, ಉಬ್ಬರ ಇಳಿತದ ಮೇಲೆ. ನೀರು ಇಳಿದಿರುವಷ್ಟು ಹೊತ್ತು ಕೆರೆಯಬೇಕು, ಬಂದರೆ ಎದ್ದುಬಿಡಬೇಕು. ಅಷ್ಟರಲ್ಲಿ ಆದಷ್ಟು ಆಯಿತು, ಉಳಿದದ್ದು ಹಸಿರಾಗಿಯೇ ನೀರಿನಡಿ ಹೋಗುತ್ತದೆ.

ಏಳು ಗಂಟೆಯ ಹೊತ್ತಿಗೆ ಸೇತುವೆ ಮೇಲೆ ಪ್ರವಾಸಿಗರ ಚಕ್ರದ ಪೆಟ್ಟಿಗೆಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಬಡಿದುಕೊಂಡು ಇಳಿಯುವ ಸದ್ದು ಶುರುವಾಗುತ್ತದೆ. ಎಲ್ವಿಯೊ ಕಿವಿಗೊಟ್ಟು ಕೇಳುತ್ತಾರೆ. "ಎತ್ತಿಕೊಂಡು ಇಳಿದ್ರೆ ಏನಾಗುತ್ತೆ? ಅಂಚು ಎಲ್ಲಾ ಒಡೆದು ಹೋಗುತ್ತೆ. ಸೇತುವೆ ಮೇಲೆ ಕೂತು ಪೀತ್ಸಾ ತಿಂತಾರೆ, ತರಕಾರಿ ಚೀಲ ಹಿಡಿದು ಬರೋ ಮುದುಕಿಯರು ಎಲ್ಲಿ ಕಾಲಿಡಬೇಕು? ಬ್ರೆಡ್ಡನ್ನ ಕೈ ಚಾಚಿ ಹಿಡ್ಕೊಂಡು ಫೋಟೋ ತೆಗೀತಾರೆ, ಕಡಲಹಕ್ಕಿ ಬಂದು ಕಿತ್ಕೊಂಡು ಹೋಗುತ್ತೆ, ಆಮೇಲೆ ಬೆರಳು ನೋಡ್ಕೊಳ್ತಾ ನಿಲ್ತಾರೆ. ಸೆಕೆ ಆಯ್ತು ಅಂತ ಕಾಲುವೆಗೆ ಧುಮುಕ್ತಾರೆ. ನಮ್ಮ ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರನ್ನಾದ್ರೂ ಕೇಳಿದ್ರೆ ಧುಮುಕ್ತಾ ಇರ್ಲಿಲ್ಲ."

ತೂಲ್ಲಿಯೊ ದೋಣಿಯಲ್ಲಿ ಬಿದ್ದು ಬಿದ್ದು ನಗುತ್ತಾನೆ. ಎಲ್ವಿಯೊ ನಗುವುದಿಲ್ಲ.

"ಅವೆಲ್ಲ ನಗೋ ತಪ್ಪು, ಬಯ್ಯೋ ತಪ್ಪು. ಇದೊಂದು ಹಾಗಲ್ಲ," ಎಂದು ಸಲಿಕೆಯ ತುದಿಯಿಂದ ಹಸಿರು ಮೆಟ್ಟಿಲನ್ನು ಮುಟ್ಟುತ್ತಾರೆ. "ನಮಗೆ ಇದು ದೋಣಿ ಹತ್ತೋ ಜಾಗ. ಅವರಿಗೆ ಕೂತು ಕಾಲು ಇಳಿಬಿಡೋ ಜಾಗ. ಫೋಟೋದಲ್ಲಿ ಹಸಿರು ಚೆನ್ನಾಗಿ ಕಾಣುತ್ತೆ. ಕಾಲಿಟ್ರೆ ಸಾಬೂನು."

ಅದಕ್ಕಾಗಿಯೇ ಅವರು ಕೂಗುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದಲೂ, ಯಾರಾದರೂ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಕಾಲುವೆಯ ಆಚೆ ದಡದಿಂದಲೂ ಅವರ ದನಿ ಬರುತ್ತಿತ್ತು. ಬೇಡ, ಇಳೀಬೇಡಿ, ಹಿಂದೆ ಹೋಗಿ. ಎರಡು ವಸಂತಗಳ ಹಿಂದೆ ಹೀಗೆ ಕೂಗುವಾಗ ಕೆಲವು ಹುಡುಗರು ಅವರ ವಿಡಿಯೊ ಮಾಡಿಕೊಂಡರು. ಸಲಿಕೆ ಎತ್ತಿ ಕೂಗುವ ಮುದುಕನಿಗೆ ಕುಣಿತದ ಸಂಗೀತ ಸೇರಿಸಿ, ಕಾಲುವೆಯ ಹುಚ್ಚ ಎಂದು ಹೆಸರಿಟ್ಟು ಎಲ್ಲ ಕಡೆ ಹರಿಯಬಿಟ್ಟರು. ಅದು ನನ್ನ ಫೋನಿಗೂ ಬಂದಿತ್ತು.

ಎಲ್ವಿಯೊ ಕೆಲಸ ಮಾಡುವ ಗುತ್ತಿಗೆದಾರರ ಮೇಲ್ವಿಚಾರಕ ಅವರನ್ನು ಕರೆಸಿದ. "ಬಾಲಾರಿನ್, ನಿಮಗೆ ಸಂಬಳ ಕೊಡೋದು ಕೆರೆಯೋಕೆ. ಕೂಗೋಕಲ್ಲ. ಬಂದೋರನ್ನ ಹೆದರಿಸಬೇಡಿ," ಎಂದ. ಅವರು ಸಂಜೆ ಒಂದು ಲೋಟ ವೈನ್ ಕುಡಿಯುವ ಅಂಗಡಿಯಲ್ಲಿ, ಪರಿಚಯದವರೇ ಚಮಚ ಎತ್ತಿ ಹಿಡಿದು ಅವರ ಹಾಗೆ ಕೂಗಿ ತೋರಿಸಿದರು. ಮನೆಗೆ ಹೋದರೆ ಹೆಂಡತಿ ನೆರೀನಾ ಕೂಡ ಬೇಸತ್ತಿದ್ದರು.

"ನಾನೇ ಹೇಳಿದ್ದು," ಎನ್ನುತ್ತಾರೆ ನೆರೀನಾ. ನಾವು ಮೆಸ್ತ್ರೆಯ ಅವರ ಅಡುಗೆಮನೆಯಲ್ಲಿ ಕೂತಿದ್ದೇವೆ. "ಬಾಯಿ ಮುಚ್ಕೊಂಡಿರು, ಬೀಳೋರು ಬೀಳಲಿ, ನಿನ್ನಪ್ಪನ ಗಂಟೇನು ಹೋಗುತ್ತೆ ಅಂದೆ. ಅದನ್ನೂ ಬರೀರಿ. ಅವನೊಬ್ಬನ ಮೇಲೇ ಹಾಕಬೇಡಿ."

ಎಲ್ವಿಯೊ ಬಾಯಿ ಮುಚ್ಚಿಕೊಂಡರು. ಅದಾಗಿ ಒಂದು ವಾರವೂ ಕಳೆದಿರಲಿಲ್ಲ.

ಅಂದು ಬೆಳಗ್ಗೆ ಮಳೆ ಬಂದು ನಿಂತಿತ್ತು. ಮೇಲಿನ ಮೂರು ಮೆಟ್ಟಿಲು ಕೆರೆದಾಗಿತ್ತು, ಕೆಳಗಿನವು ಉಳಿದಿದ್ದವು, ನೀರು ಏರತೊಡಗಿತ್ತು. ಅವರು ದಡದ ಕಟ್ಟೆ ಮೇಲೆ ಕೂತು ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು. ನೀಲಿ ಮಳೆಯಂಗಿ ತೊಟ್ಟ ಒಬ್ಬ ಹೆಂಗಸು, ಅರವತ್ತು ದಾಟಿದವರು, ಒಬ್ಬರೇ ನಡೆದುಬಂದರು. ಇವರನ್ನು ನೋಡಿ ತಲೆಬಾಗಿ ವಂದಿಸಿದರು. ಕೆರೆದ ಮೆಟ್ಟಿಲುಗಳನ್ನು ನಿಧಾನವಾಗಿ, ಗೋಡೆ ಹಿಡಿದು ಇಳಿದರು.

"ನೋಡಿದೆ," ಎನ್ನುತ್ತಾರೆ ಎಲ್ವಿಯೊ. "ಬಾಯಿಗೆ ಬಂತು. ನನಗ್ಯಾಕೆ ಅಂದ್ಕೊಂಡೆ. ಆಕೆ ಫೋಟೋ ತೆಗೆಯೋಕೂ ಇಳಿದದ್ದಲ್ಲ. ಬಗ್ಗಿ ನೀರು ಮುಟ್ಟಿ ನೋಡೋಣ ಅಂತ ಇಳಿದದ್ದು. ನಾನು ಬ್ರೆಡ್ಡು ಅಗೀತಾ ಇದ್ದೆ."

ಕಾಲು ಹಸಿರಿನ ಮೇಲೆ ಬಿತ್ತು. ಆಕೆ ಬಲಗೈ ಮುಂದೆ ಚಾಚಿದರು. ಮೈಯ ಭಾರವೆಲ್ಲ ಆ ಕೈಯ ಮೇಲೆ, ಕಲ್ಲಿನ ಅಂಚಿಗೆ ಬಂತು. ಆಮೇಲೆ ನೀರಿಗೆ. ಎಲ್ವಿಯೊ ಬೂಟು ಸಮೇತ ಹಾರಿದರು. ತೂಲ್ಲಿಯೊ ದೋಣಿ ತಂದ. ಇಬ್ಬರೂ ಸೇರಿ ಎತ್ತಿ ಮಲಗಿಸಿದಾಗ ಆಕೆ ಅಳುತ್ತಿರಲಿಲ್ಲ, ಇಟಾಲಿಯನ್‌ನಲ್ಲಿ ಮತ್ತೆ ಮತ್ತೆ ಕ್ಷಮಿಸಿ, ತೊಂದರೆ ಕೊಟ್ಟೆ ಎನ್ನುತ್ತಿದ್ದರು.

ಅವರ ಹೆಸರು ರೋಸ್ವಿತಾ ಕೋಫ್ಲರ್. ಗಡಿಯಾಚೆ ಆಸ್ಟ್ರಿಯಾದ ಒಂದು ಚಿಕ್ಕ ಊರಿನವರು. ಚಿಕ್ಕಂದಿನಲ್ಲಿ ಬೇಸಿಗೆಗೆ ನಮ್ಮ ಕಡಲ ತೀರಕ್ಕೆ ಬರುತ್ತಿದ್ದರಂತೆ, ನಮ್ಮ ಮಾತು ಅಲ್ಲಿ ಕಲಿತದ್ದು. ತಮ್ಮ ಊರಿನಲ್ಲಿ ಅವರದೊಂದು ಕೂದಲು ಕತ್ತರಿಸುವ ಅಂಗಡಿ ಇತ್ತು. ಇದೆಲ್ಲ ಎಲ್ವಿಯೊಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಮೂರನೆಯ ದಿನ ನೆರೀನಾ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೋದರು, ಈರುಳ್ಳಿ ವಿನೆಗರ್‌ನಲ್ಲಿ ನೆನೆಸಿದ ಬೂತಾಯಿ ಮೀನು. ಹಾಸಿಗೆಯ ಪಕ್ಕ ನಿಂತೇ ಹೇಳಿಬಿಟ್ಟರು.

"ಅಮ್ಮಾ, ನೀವು ಇಳಿಯೋದನ್ನ ನಾನು ನೋಡ್ತಾ ಕೂತಿದ್ದೆ."

ಆಕೆ ಡಬ್ಬಿಯನ್ನು ಎಡಗೈಯಲ್ಲಿ ತೆಗೆದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ, "ಕಲ್ಲು ಹಸಿರಾಗಿತ್ತು. ನನಗೂ ಕಣ್ಣಿತ್ತು," ಎಂದರು.

"ಕಣ್ಣು ನಿಮಗಿತ್ತು. ಆದ್ರೆ ಆ ಕಲ್ಲು ಎಂಥದು ಅಂತ ಗೊತ್ತಿದ್ದದ್ದು ನನಗೆ."

"ಹೌದು," ಎಂದರು ಆಕೆ. "ಒಂದು ಮಾತು ಕೂಗಿದ್ದರೆ ನಾನು ನಿಲ್ಲುತ್ತಿದ್ದೆ. ಈಗ ನೀವು ಹೋಗಿ, ದಯವಿಟ್ಟು."

ಎಲ್ವಿಯೊ ಹೋದರು. ಮರುದಿನ ಮತ್ತೆ ಬಂದರು. ಹಿಂದಿನ ದಿನದ ಡಬ್ಬಿ ತೊಳೆದು ಕಿಟಕಿಯ ಬಳಿ ಇಟ್ಟಿತ್ತು. ಆಕೆ ಇವರ ಮುಖ ನೋಡಲಿಲ್ಲ, ತಲೆ ನೋಡಿದರು.

"ಇದನ್ನ ಕತ್ತರಿಸಿದ್ದು ಯಾರು?"

"ನನ್ನ ಹೆಂಡತಿ."

"ಯಾವುದರಲ್ಲಿ, ಕುಡುಗೋಲಿನಲ್ಲಾ?"

ಅಂದು ಸಂಜೆ ಎಲ್ವಿಯೊ ಇದನ್ನು ಹೇಳಿದಾಗ ನೆರೀನಾ ಜೋರಾಗಿ ನಕ್ಕರಂತೆ. ಆಮೇಲೆ ಒಲೆಯ ಕಡೆ ತಿರುಗಿ ಅತ್ತರಂತೆ. ರೋಸ್ವಿತಾ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಡಬ್ಬಿ ಹೋಯಿತು. ಕೊನೆಗೆ ನೆರೀನಾ ತಾವೇ ಹೋಗತೊಡಗಿದರು.

ಮುರಿದ ಕೈಮೂಳೆ ಕೂಡಿತು. ಎರಡು ಸಲ ಶಸ್ತ್ರಚಿಕಿತ್ಸೆಯೂ ಆಯಿತು. ಆದರೆ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಮುಟ್ಟುವುದಿಲ್ಲ. ಬಟ್ಟಲು ಹಿಡಿಯಬಹುದು, ಬಾಗಿಲು ತೆರೆಯಬಹುದು. ಕತ್ತರಿ ಆಡಿಸಲಾಗುವುದಿಲ್ಲ. ಅಂಗಡಿ ಮುಚ್ಚಿತು. ಈಗ ಅಲ್ಲಿ ಕನ್ನಡಕ ಮಾರುತ್ತಾರೆ.

ಹೋದ ಶರತ್ಕಾಲದಲ್ಲಿ ಎಲ್ವಿಯೊ, ನೆರೀನಾ ರೈಲು ಹತ್ತಿ ಅವರನ್ನು ನೋಡಲು ಹೋದರು. ರೋಸ್ವಿತಾ ಅಂಗಡಿಯ ಕುರ್ಚಿ, ಕನ್ನಡಿ ಎರಡನ್ನೂ ಮನೆಗೆ ತಂದಿಟ್ಟುಕೊಂಡಿದ್ದರು. ಊಟವಾದ ಮೇಲೆ ಆಕೆ ಎಲ್ವಿಯೊ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿದರು. ಎಡಗೈಯಲ್ಲಿ ಕತ್ತರಿ ಹಿಡಿದು ನೋಡಿದರು. ಒಂದು ಎಳೆ ಕತ್ತರಿಸಿದರು, ಇನ್ನೊಂದು. ಎರಡೂ ಒಂದು ಸಮ ಬರಲಿಲ್ಲ. ಕತ್ತರಿಯನ್ನು ನೆರೀನಾಗೆ ಕೊಟ್ಟರು.

"ನೀವು ಕತ್ತರಿಸಿ, ನಾನು ಹೇಳ್ತೀನಿ. ಎರಡು ಬೆರಳ ನಡುವೆ ಹಿಡೀರಿ. ಅಷ್ಟು ಬಿಗಿ ಬೇಡ, ಪಾಪ, ಅದು ಬೀನ್ಸ್ ಅಲ್ಲ. ಕಿವಿ ಮಡಚಿ. ಹಾಂ, ಈಗ."

ಹೀಗೆ ಮುಕ್ಕಾಲು ಗಂಟೆ ಒಬ್ಬರು ಹೇಳಿದರು, ಇನ್ನೊಬ್ಬರು ಕತ್ತರಿಸಿದರು. ಕನ್ನಡಿಯಲ್ಲಿ ಎಲ್ವಿಯೊಗೆ ಇಬ್ಬರ ಮುಖವೂ ಕಾಣುತ್ತಿತ್ತು.

"ಆಕೆಯ ಬಲಗೈ ಸುಮ್ಮನಿರ್ತಿರಲಿಲ್ಲ. ಹೇಳ್ತಾ ಹೇಳ್ತಾ ತಾನಾಗಿ ಕತ್ತರಿ ಹಿಡಿದ ಹಾಗೆ ಮೇಲೆ ಬರ್ತಿತ್ತು. ಬಂದು, ನೆನಪಾಗಿ, ಕೆಳಗೆ ಹೋಗ್ತಿತ್ತು. ನಾನು ಕಣ್ಣು ಮುಚ್ಕೊಂಡೆ. ಕೂದಲು ಬಿತ್ತಾ ಕಣ್ಣಿಗೆ ಅಂತ ಕೇಳಿದ್ರು. ಹೂಂ ಅಂದೆ."

ರೋಸ್ವಿತಾ ಆಗಾಗ ಫೋನ್ ಮಾಡುತ್ತಾರೆ, ಹೆಚ್ಚಾಗಿ ನೆರೀನಾ ಜೊತೆ ಮಾತಾಡುತ್ತಾರೆ. ಕ್ಷಮಿಸಿದೆ ಎಂದು ಅವರು ಯಾವತ್ತೂ ಹೇಳಿಲ್ಲ. ಎಲ್ವಿಯೊ ಕೇಳಿಯೂ ಇಲ್ಲ. "ಕೇಳಿದ್ರೆ ಕೊಟ್ಟುಬಿಡ್ತಾರೆ. ಒಳ್ಳೆ ಹೆಂಗಸು. ಅದಕ್ಕೇ ಕೇಳಲ್ಲ."

ಮುಂದಿನ ವರ್ಷ ಅವರಿಗೆ ನಿವೃತ್ತಿ. ಆ ಜಾಗಕ್ಕೆ ಬರುವವರಿಗೆ ಏನು ಹೇಳುತ್ತೀರಿ ಎಂದರೆ, "ಕೆರೆಯೋದನ್ನ ಯಾರು ಬೇಕಾದ್ರೂ ಕಲೀತಾರೆ. ಕೂಗೋಕೆ ನಾಚ್ಕೋಬೇಡ ಅಂತೀನಿ. ಅಷ್ಟು ಕೇಳಿದ್ರೆ ಸಾಕು ನನಗೆ," ಎನ್ನುತ್ತಾರೆ.

ಆ ಮಾತು ಮುಗಿಯುವ ಮೊದಲೇ ಅವರು ಕಟ್ಟೆಯಿಂದ ಎದ್ದಿದ್ದಾರೆ. ಆಚೆ ದಡದಲ್ಲಿ ಬಿಳಿ ಲಂಗದ ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಳೆ. ಎಲ್ವಿಯೊ ಕೂಗುತ್ತಾರೆ. ಕಿಟಕಿಗಳು ತೆರೆದುಕೊಳ್ಳುವಂಥ ಕೂಗು. ಹುಡುಗಿ ನಿಲ್ಲುತ್ತಾಳೆ. ಒಂದೇ ನಿಮಿಷ ಎಂದು ಬೆರಳು ತೋರಿಸುತ್ತಾಳೆ. ಅವರು ಇನ್ನೂ ಜೋರಾಗಿ ಕೂಗುತ್ತಾರೆ, ಸಲಿಕೆಯಿಂದ ಕಲ್ಲು ಬಡಿಯುತ್ತಾರೆ. ಅವಳ ಗೆಳತಿ ಫೋನ್ ಎತ್ತಿ ಇವರನ್ನು ಚಿತ್ರೀಕರಿಸುತ್ತಾಳೆ. ಹುಡುಗಿ ಏನೋ ಬೈದು, ಮೇಲೆ ಹತ್ತಿ, ಚಪ್ಪಲಿ ಮೆಟ್ಟಿಕೊಂಡು ಸೇತುವೆಯ ಕಡೆ ಹೊರಡುತ್ತಾಳೆ.

ದೋಣಿಯಿಂದ ತೂಲ್ಲಿಯೊ, "ಒಳ್ಳೇ ಹೆಸರು ತಗೊಂಡೆ ಮತ್ತೆ," ಎನ್ನುತ್ತಾನೆ.

ಅವಳು ಸೇತುವೆ ದಾಟಿ ಮರೆಯಾಗುವವರೆಗೂ ಎಲ್ವಿಯೊ ನೋಡುತ್ತ ನಿಂತಿರುತ್ತಾರೆ.

"ಕೋಪ ಮಾಡ್ಕೊಂಡು ಹೋದ್ಲು," ಎನ್ನುತ್ತಾರೆ ಆಮೇಲೆ. "ನಡ್ಕೊಂಡೇ ಹೋದ್ಲು."